ಖಾಲಿ ಬಿಟ್ಟ ಮೂರು ದಿನ

ಮಾರ್ಚ್ 4

ಅಮ್ಮಾ,

ಇಲ್ಲಿ ಯಾರೂ ಕ್ಷೇಮವಿಲ್ಲ. ನೀನು ಆ ದ್ವೀಪದಲ್ಲಿ ಗಾಳಿ ಮಳೆ ಅಳೆದುಕೊಂಡು ಹಾಯಾಗಿದ್ದೀಯ ಅಂದುಕೊಂಡಿದ್ದೇನೆ.

ನಿನ್ನ ಮೊಮ್ಮಗ ಇಲಿಮರಿಗೆ ದವಡೆ ಹಲ್ಲು ಬರುತ್ತಿವೆ. ಒಂದೊಂದಾಗಿ ಬರಬಾರದಾ? ಇಲ್ಲ, ನಾಲ್ಕೂ ಒಟ್ಟಿಗೆ. ಜೊತೆಗೆ ಜ್ವರ, ನೆಗಡಿ, ಭೇದಿ. ಹದಿನಾಲ್ಕು ತಿಂಗಳ ಮಗುವಿನ ಬಾಯಲ್ಲಿ ಇಷ್ಟು ಜೊಲ್ಲು ಎಲ್ಲಿಂದ ಬರುತ್ತದೆ ಅಂತ ನನಗೆ ಅರ್ಥವಾಗಿಲ್ಲ. ಈ ವಾರ ಅವನು ಕುರ್ಚಿಯ ಕಾಲು ಕಡಿದ, ನನ್ನ ಚಪ್ಪಲಿ ಕಡಿದ, ನಿನ್ನ ಅಳಿಯನ ಮೊಣಕೈ ಕಡಿದ. ಸಾಬೂನನ್ನೂ ಕಡಿದ. ಸಾಬೂನು ರುಚಿಯಾಯಿತು, ಔಷಧಿ ಮಾತ್ರ ಮುಖದ ಮೇಲೆ ಉಗಿಯುತ್ತಾನೆ. ನನ್ನ ಮುಖದ ಮೇಲೆ.

ಡಾಕ್ಟರ ಹತ್ತಿರ ಹೋದರೆ, "ಹಲ್ಲು ಬರೋವಾಗ ಹೀಗೇನೇ ಇರತ್ತಮ್ಮ, ಸ್ವಲ್ಪ ತಾಳ್ಮೆ ಇರ್ಲಿ" ಅಂದರು. ಜ್ವರದ ಔಷಧಿ ಬರೆದುಕೊಟ್ಟ ಹಾಗೆ ತಾಳ್ಮೆಗೂ ಒಂದು ಚೀಟಿ ಬರೆದುಕೊಡಬಾರದಿತ್ತಾ? ಶಿಶುವಿಹಾರದವಳು ದಿನಾ ಗೇಟಿನಲ್ಲೇ ನಿಂತು ಇವನ ಹಣೆ ಮುಟ್ಟುತ್ತಾಳೆ. "ಬೆಚ್ಚಗಿದೆ, ವಾಪಸ್ ಕರ್ಕೊಂಡು ಹೋಗಿ." ಆಯಿತಲ್ಲ, ಅವತ್ತಿನ ಅಂಚೆ ಕಚೇರಿ ಕೆಲಸ ಅಲ್ಲಿಗೆ ಮುಗಿಯಿತು. ನನ್ನ ಪಾರ್ಸೆಲ್ ಕೌಂಟರಿನ ಮುಂದೆ ಜನ ಸಾಲು ನಿಂತಿರುತ್ತಾರೆ, ನಾನು ಮನೆಯಲ್ಲಿ ಚಡ್ಡಿ ಒಗೆಯುತ್ತಿರುತ್ತೇನೆ. ನಿನ್ನ ಅಳಿಯ ಬೆಳಕು ಹರಿಯುವ ಮುಂಚೆ ಬೇಕರಿಗೆ ಹೋಗಿ ಹನ್ನೊಂದಕ್ಕೆ ಬಂದು ಮಲಗುತ್ತಾರೆ. ಅವರು ಮಲಗಿದಾಗ ಗಲಾಟೆ ಮಾಡಬಾರದು. ಇದನ್ನು ಇಲಿಮರಿಗೆ ನೀನೇ ಬಂದು ವಿವರಿಸಬೇಕು.

ಹೊಟ್ಟೆಯಲ್ಲಿರುವುದಕ್ಕೆ ಏಳನೇ ತಿಂಗಳು. ಹೊರಗಿನವನು ಮಲಗಿದ ಕೂಡಲೇ ಒಳಗಿನದು ಒದೆಯಲು ಶುರು ಮಾಡುತ್ತದೆ. ಇಬ್ಬರೂ ಮಾತಾಡಿಕೊಂಡು ಪಾಳಿ ಹಾಕಿಕೊಂಡಿದ್ದಾರೆ.

ಅಮ್ಮಾ, ನನಗೆ ಹಲ್ಲು ಬರುವಾಗ ನೀನು ಏನು ಮಾಡುತ್ತಿದ್ದೆ? ನಿಜವಾಗಿ ಕೇಳುತ್ತಿದ್ದೇನೆ. ಮತ್ತೆ, ಎಂಟನೇ ತಿಂಗಳಿಗೆ ಬರುತ್ತೇನೆ ಅಂದಿದ್ದೆ. ಯಾವ ದೋಣಿಗೆ ಬರುತ್ತೀಯ ಬರೆ. ನನಗೆ ಸಾಕುಸಾಕಾಗಿದೆ.

ನಿನ್ನ ಮಗಳು

*

ಮಾರ್ಚ್ 12

ಮಗಳೇ,

ನಿನ್ನ ಪತ್ರ ಇವತ್ತಿನ ದೋಣಿಯಲ್ಲಿ ಬಂತು. ಎರಡು ಸಲ ಓದಿದೆ. ಅದರಲ್ಲಿ ಕೋಪ ಬೇಕಾದಷ್ಟಿದೆ, ಮಾಹಿತಿ ಇಲ್ಲ. ಜ್ವರ ಅಂದಿದ್ದೀಯ. ಎಷ್ಟು? ಬೆಳಗ್ಗೆ ಹೆಚ್ಚೋ ಸಂಜೆ ಹೆಚ್ಚೋ? ಭೇದಿ ದಿನಕ್ಕೆ ಎಷ್ಟು ಸಲ? ಇದೊಂದೂ ಗೊತ್ತಿಲ್ಲದೆ ಇಷ್ಟು ದೂರದಿಂದ ನಾನು ಏನು ಹೇಳಲಿ?

ಇದರ ಜೊತೆ ನಮೂನೆಯ ಹಾಳೆಗಳನ್ನು ಗೆರೆ ಎಳೆದು ಕಳಿಸಿದ್ದೇನೆ. ಬೆಳಗ್ಗೆ ಎಂಟು, ಮಧ್ಯಾಹ್ನ ಎರಡು, ಸಂಜೆ ಎಂಟು. ನಮ್ಮ ಹವಾಮಾನ ಕೇಂದ್ರದ್ದೇ ಹೊತ್ತು. ಜ್ವರ ಬರೆಯಲು ಒಂದು ಮನೆ, ಕೊನೆಯಲ್ಲಿ ಷರಾ. ಬರೆದು ಕಳಿಸು. ಬರೆಯುತ್ತಾ ಹೋದರೆ ಗಾಬರಿ ತಾನಾಗಿ ಕಡಿಮೆಯಾಗುತ್ತದೆ, ಇದು ನನ್ನ ಅನುಭವ.

ನಿನಗೆ ಮೊದಲ ಹಲ್ಲು ಏಳನೇ ತಿಂಗಳಿಗೆ ಬಂತು. ನನ್ನ ಬೆರಳು ಕಚ್ಚಿದಾಗಲೇ ನನಗೆ ಗೊತ್ತಾಗಿದ್ದು. ತಣ್ಣನೆ ಒದ್ದೆ ಬಟ್ಟೆ ಕಚ್ಚಲು ಕೊಡುತ್ತಿದ್ದೆ, ಅಷ್ಟೆ. ರಗಳೆಯೇ ಇರಲಿಲ್ಲ. ಇಲಿಮರಿಗೂ ಕೊಟ್ಟು ನೋಡು. ಅವನನ್ನು ಎತ್ತಿಕೊಂಡು ಓಡಾಡಬೇಡ, ನಿನ್ನ ಸೊಂಟ ಉಳಿಯುವುದಿಲ್ಲ.

ಬರುವ ವಿಷಯ: ಇಲ್ಲಿ ನಾವಿರುವುದು ಇಬ್ಬರೇ. ನನ್ನ ಜಾಗಕ್ಕೆ ಬದಲಿ ಬಾರದೆ ಹೊರಡುವ ಹಾಗಿಲ್ಲ. ಮುಖ್ಯ ಕಚೇರಿಯವರು ಇನ್ನೂ ಏನೂ ಹೇಳಿಲ್ಲ. ನೋಡೋಣ.

ಅಮ್ಮ

*

ಮಾರ್ಚ್ 20

ಅಮ್ಮಾ,

ನಾನು ನಾಲ್ಕನೇ ತಾರೀಖು ಜ್ವರ ಅಂತ ಅತ್ತುಕೊಂಡರೆ ನಿನ್ನ ಒದ್ದೆ ಬಟ್ಟೆ ಹದಿನೈದಕ್ಕೆ ಬಂತು. ಅಷ್ಟರಲ್ಲಿ ಆ ಜ್ವರ ಹೋಗಿ, ಹೊಸ ಜ್ವರ ಬಂದು, ಕಿವಿ ನೋವು ಸೇರಿಕೊಂಡಿತ್ತು. ನಮ್ಮ ಅಂಚೆ ಇಲಾಖೆಯ ಮಾನ ಕಳೆಯಬಾರದು ಅಂತ ಸುಮ್ಮನಿದ್ದೇನೆ.

ಬೇರೆಯವರ ಅಮ್ಮಂದಿರು ಮಗಳು ಬಸುರಿ ಅಂದರೆ ಬಟ್ಟೆಗಂಟು ಕಟ್ಟಿಕೊಂಡು ಬರುತ್ತಾರೆ. ನನ್ನಮ್ಮ ನಮೂನೆ ಕಳಿಸುತ್ತಾಳೆ. ತುಂಬಿಸಿದ್ದೇನೆ ತಗೋ. ಷರಾ ಕಾಲಂ ಸಾಲದೆ ಹಾಳೆಯ ಹಿಂದೆ ಬರೆದಿದ್ದೇನೆ, ಅದನ್ನೂ ಓದು:

"16, ಬೆಳಗ್ಗೆ ಎಂಟು. ನೂರಾ ಒಂದು. ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟವಳು ನಾನು, ಕಿತ್ತುಕೊಂಡವನು ಅವನು, ಅಲಮಾರಿನ ಕೆಳಗಿಂದ ಹೊಟ್ಟೆ ಹೊತ್ತುಕೊಂಡು ಬಗ್ಗಿ ತೆಗೆದವಳು ಮತ್ತೆ ನಾನೇ."

"17, ಮಧ್ಯಾಹ್ನ ಎರಡು ಇಪ್ಪತ್ತು. ನೂರು. ತಣ್ಣನೆ ಒದ್ದೆ ಬಟ್ಟೆ ಕೊಡಲಾಯಿತು. ಅದರಿಂದ ಮಲಗಿದ್ದ ಅಪ್ಪನ ಮುಖ ಒರೆಸಲಾಯಿತು. ಅಪ್ಪ ಎದ್ದರು. ಜಗಳವಾಯಿತು."

"18, ಸಂಜೆ ಎಂಟು. ಜ್ವರ ಇಲ್ಲ. ಮಗು ನಗುತ್ತಿದೆ. ತಾಯಿ ಅಳುತ್ತಿದ್ದಾಳೆ, ಕಾರಣ ಗೊತ್ತಿಲ್ಲ."

ಎತ್ತಿಕೊಂಡು ಓಡಾಡಬೇಡ ಅಂದೆ. ಕೆಳಗೆ ಬಿಟ್ಟರೆ ನನ್ನ ಎರಡೂ ಕಾಲು ತಬ್ಬಿಕೊಂಡು ನಿಲ್ಲುತ್ತಾನೆ. ಹೆಜ್ಜೆ ಇಡಲಿ ಹೇಗೆ? ನೀನು ಬಂದರೆ ಒಂದು ಗಂಟೆ ಅವನನ್ನು ನಿನ್ನ ಕೈಗೆ ಕೊಟ್ಟು ಕಾಲು ಚಾಚಿ ಮಲಗುತ್ತೇನೆ. ನನಗೆ ಬೇಕಾಗಿರುವುದು ಇಷ್ಟೇ. ಬದಲಿ ಏನಾಯಿತು?

ನಿನ್ನ ಮಗಳು

*

ಮಾರ್ಚ್ 26

ಮಗಳೇ,

ನಮೂನೆ ತುಂಬ ಚೆನ್ನಾಗಿ ತುಂಬಿಸಿದ್ದೀಯ. ಹಿಂದೆ ಬರೆದದ್ದನ್ನು ಓದಿ ಇಲ್ಲಿ ನಾವಿಬ್ಬರೂ ನಕ್ಕೆವು. ಒಂದೇ ತಕರಾರು: ಎರಡು ಗಂಟೆಯದನ್ನು ಎರಡು ಇಪ್ಪತ್ತಕ್ಕೆ ನೋಡಿದ್ದೀಯ. ಹೊತ್ತು ತಪ್ಪಿದರೆ ಒಂದು ದಿನವನ್ನು ಇನ್ನೊಂದು ದಿನಕ್ಕೆ ಹೋಲಿಸಲು ಆಗುವುದಿಲ್ಲ.

ಅಂಕಿಗಳನ್ನು ನೋಡಿದರೆ ಜ್ವರ ಇಳಿಮುಖವಾಗಿದೆ. ಇನ್ನು ಚಿಂತೆಯಿಲ್ಲ. ನಿನಗೂ ಹನ್ನೊಂದನೇ ತಿಂಗಳಲ್ಲಿ ಹೀಗೇ ಕಿವಿ ನೋವು ಬಂದಿತ್ತು. ಹೆಗಲ ಮೇಲೆ ಹಾಕಿಕೊಂಡು ಲಾಲಿ ಹಾಡಿದರೆ ಅರ್ಧ ಗಂಟೆಯಲ್ಲಿ ನಿದ್ದೆ ಹೋಗುತ್ತಿದ್ದೆ. ಮಕ್ಕಳಿಗೆ ತಾಯಿಯ ಗಾಬರಿ ತಟ್ಟನೆ ಗೊತ್ತಾಗುತ್ತದೆ. ನೀನು ಸಮಾಧಾನವಾಗಿದ್ದರೆ ಅವನೂ ಸಮಾಧಾನವಾಗಿರುತ್ತಾನೆ.

ಬದಲಿ ಬಗ್ಗೆ ಇನ್ನೂ ಉತ್ತರವಿಲ್ಲ. ಇಲ್ಲಿ ಇವತ್ತು ಆಕಾಶ ನಿರ್ಮಲವಾಗಿದೆ, ಗಾಳಿಯೂ ಇಲ್ಲ. ಇಂಥ ದಿನ ಬರೆಯಲು ಏನೂ ಇರುವುದಿಲ್ಲ, ಆದರೂ ಬರೆಯಬೇಕು.

ಅಮ್ಮ

*

ಏಪ್ರಿಲ್ 2

ಅಮ್ಮಾ,

ನಿನ್ನ ಪತ್ರ ಬಂತು. ನಮೂನೆ ಇದರ ಜೊತೆ ಇದೆ. 26, 27, 28 ಖಾಲಿ ಇವೆ. ಬರೆಯಲಾಗಲಿಲ್ಲ.

ಕೌಂಟರಿನ ಕೆಲಸಕ್ಕೆ ಈಗ ಹೋಗುತ್ತಿಲ್ಲ, ರಜೆ ಹಾಕಿದ್ದೇನೆ. ಇಲಿಮರಿಗೆ ಕೆಳಗಿನ ಒಂದು ದವಡೆ ಹಲ್ಲು ಬಂದಿದೆ.

ಮಗಳು

*

ಏಪ್ರಿಲ್ 10

ಮಗಳೇ,

ಪತ್ರ ಚಿಕ್ಕದಾಗಿತ್ತು. ಪುರುಸೊತ್ತು ಇಲ್ಲವೇನೋ ಅಂದುಕೊಂಡೆ. ರಜೆ ಹಾಕಿದ್ದು ಒಳ್ಳೆಯದಾಯಿತು, ವಿಶ್ರಾಂತಿ ಸಿಕ್ಕಿತಲ್ಲ.

ಆ ಮೂರು ದಿನ ಬಿಟ್ಟುಹೋಯಿತೆಂದು ಬೇಜಾರು ಮಾಡಿಕೊಳ್ಳಬೇಡ. ನಮ್ಮಲ್ಲೂ ಉಪಕರಣ ಕೆಟ್ಟಾಗ ಹೀಗೆ ಆಗುತ್ತದೆ. ಮುಂಚಿನ ದಿನದ್ದು, ಮಾರನೇ ದಿನದ್ದು ಕೂಡಿಸಿ ಅರ್ಧ ಮಾಡಿದರೆ ಮಧ್ಯದ್ದು ಬರುತ್ತದೆ. ಇಪ್ಪತ್ತೈದರಂದು ನೂರು ಇತ್ತು, ಇಪ್ಪತ್ತೊಂಬತ್ತರಂದು ತೊಂಬತ್ತೊಂಬತ್ತು. ಹಾಗಾಗಿ ಮೂರೂ ದಿನಕ್ಕೆ ತೊಂಬತ್ತೊಂಬತ್ತೂವರೆ ಅಂತ ಪೆನ್ಸಿಲಿನಲ್ಲಿ ತುಂಬಿಸಿದ್ದೇನೆ. ಈಗ ನಮೂನೆ ಪೂರ್ತಿಯಾಯಿತು, ಎಲ್ಲೂ ತೂತಿಲ್ಲ. ನೋಡಿದರೆ ಆ ಮೂರು ದಿನ ನೀವೆಲ್ಲ ನೆಮ್ಮದಿಯಾಗಿ ಕಳೆದಂತಿದೆ.

ಅಮ್ಮ

*

ಏಪ್ರಿಲ್ 13

ಅಮ್ಮಾ,

ನಿನ್ನ ಪತ್ರ ಓದಿ ಮೈಯೆಲ್ಲ ಉರಿದುಹೋಯಿತು. ನಿನ್ನ ಅಳಿಯ "ಎರಡು ದಿನ ಬಿಟ್ಟು ಬರಿ, ಈಗ ಬೇಡ" ಅಂದರು. ಈಗಲೇ ಬರೆಯುತ್ತಿದ್ದೇನೆ.

ಇಪ್ಪತ್ತಾರನೇ ತಾರೀಖು ಬೆಳಗ್ಗೆ ಹನ್ನೊಂದಕ್ಕೆ ನಾನು ಕೌಂಟರಿನಲ್ಲಿ ಒಂದು ಪಾರ್ಸೆಲ್ ತೂಗುತ್ತಿದ್ದೆ. ಬೆಳಗಿನಿಂದ ಸೊಂಟ ನೋಯುತ್ತಿತ್ತು. ಇಲಿಮರಿಯನ್ನು ಎತ್ತಿದ್ದಕ್ಕೆ ಇರಬೇಕು ಅಂತ ಸುಮ್ಮನಿದ್ದೆ. ಅದು ಹೆರಿಗೆ ನೋವು ಅಮ್ಮಾ. ಏಳು ತಿಂಗಳಿಗೆ. ಅಂಚೆ ವ್ಯಾನಿನಲ್ಲಿ, ಮೂಟೆಗಳ ನಡುವೆ ಮಲಗಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರು ದಿನ ಡ್ರಿಪ್ ಹಾಕಿ, ಸೂಜಿ ಚುಚ್ಚಿ ನೋವು ನಿಲ್ಲಿಸಿದರು. ಮೊದಲ ದಿನವೇ ಡಾಕ್ಟರು, "ಇನ್ನು ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ. ಮಗೂನ ಎತ್ಕೊಂಡ್ರೆ ಈ ಮಗು ಉಳಿಯತ್ತೆ ಅಂತ ನಾನ್ ಹೇಳಲ್ಲ" ಅಂದರು. ಅವರು ಹಾಗಂದಾಗ ನಾನು ನಿನ್ನನ್ನು ಕರೆದೆ. ಗಟ್ಟಿಯಾಗಿಯೇ ಕರೆದೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಅವತ್ತೇ ನೀನು ಆಕಾಶ ನಿರ್ಮಲವಾಗಿದೆ ಅಂತ ಬರೆಯುತ್ತಿದ್ದೆ.

ಇಲಿಮರಿ ಆ ಮೂರು ದಿನ ಬೇಕರಿಯಲ್ಲಿದ್ದ. ನಿನ್ನ ಅಳಿಯ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹಿಟ್ಟು ನಾದಿದರಂತೆ. ಮನೆಗೆ ಬಂದು ನೋಡುತ್ತೇನೆ, ಮಗುವಿನ ಕಿವಿಯೊಳಗೆಲ್ಲ ಹಿಟ್ಟು. ಜ್ವರ ನೋಡಿದಿರಾ ಅಂದರೆ, "ಮೈ ಸುಡ್ತಿತ್ತು. ಓವನ್ ಹತ್ರ ಇದ್ವಲ್ಲ, ಅದ್ರ ಬಿಸಿನೋ ಇವನ ಬಿಸಿನೋ ಗೊತ್ತಾಗ್ಲಿಲ್ಲ" ಅಂದರು. ಅವರ ಮುಖ ನೋಡಿ ಬೈಯಲು ಮನಸ್ಸು ಬರಲಿಲ್ಲ. ಆ ಮೂರು ದಿನ ಅವನಿಗೆ ಎಷ್ಟು ಜ್ವರ ಇತ್ತೆಂದು ಹೆತ್ತ ತಾಯಿಗೆ ಗೊತ್ತಿಲ್ಲ, ಬೆನ್ನಿಗೆ ಕಟ್ಟಿಕೊಂಡ ಅಪ್ಪನಿಗೆ ಗೊತ್ತಿಲ್ಲ. ನಿನಗೊಬ್ಬಳಿಗೆ ಗೊತ್ತು. ತೊಂಬತ್ತೊಂಬತ್ತೂವರೆ!

ಯಾಕೆ ಹೇಳಲಿಲ್ಲ ಅಂತ ಕೇಳಬೇಡ. ಖಾಲಿ ಬಿಟ್ಟರೆ "ಏನಾಯ್ತೇ ನಿಂಗೆ" ಅಂತ ಕೇಳುತ್ತೀಯ ಅಂದುಕೊಂಡಿದ್ದೆ. ಅಷ್ಟೇ ಸಾಕಿತ್ತು ನನಗೆ. ನೀನು ತುಂಬಿಸಿಬಿಟ್ಟೆ.

ಹಾಸಿಗೆ ಮೇಲೆ ಬಿದ್ದುಕೊಂಡವಳಿಗೆ ಯೋಚನೆ ಮಾಡುವುದು ಬಿಟ್ಟು ಬೇರೆ ಕೆಲಸವಿಲ್ಲ. ನಿನ್ನ ಪತ್ರಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಇಲಿಮರಿ ಹುಟ್ಟಿದಾಗ, ನನಗೆ ಮೊದಲ ಹಲ್ಲು ಬಂದದ್ದು ಒಂಬತ್ತನೇ ತಿಂಗಳು ಅಂದಿದ್ದೆ. ಈಗ ಏಳು ಅಂತೀಯ. ಲಾಲಿ ಹಾಡಿದೆ ಅಂತೀಯ. ನೀನು ಹಾಡಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಹಾಡುತ್ತಿದ್ದವಳು ಅಜ್ಜಿ. ನನ್ನದೂ ಪೆನ್ಸಿಲಿನಲ್ಲಿ ತುಂಬಿಸಿದ್ದಾ ಅಮ್ಮಾ? ಎಷ್ಟು ದಿನದ್ದು?

ನಮೂನೆ ಇನ್ನು ಕಳಿಸಬೇಡ.

*

ಏಪ್ರಿಲ್ 22

ಮಗಳೇ,

ಹನ್ನೆರಡು ತಿಂಗಳದ್ದು.

ನಿನ್ನ ಅಪ್ಪ ಹೋದಾಗ ನಿನಗೆ ಆರು ತಿಂಗಳು. ಅವರ ಕೆಲಸವನ್ನು ನನಗೆ ಕೊಟ್ಟರು. ನಿನಗೆ ಎರಡು ವರ್ಷ ತುಂಬಿದ ಮೇಲೆ ಕೆಲಸಕ್ಕೆ ಸೇರಿದೆ ಅಂತ ಹೇಳುತ್ತಾ ಬಂದಿದ್ದೇನೆ. ಸುಳ್ಳು. ಏಳನೇ ತಿಂಗಳಿಗೆ ನಿನ್ನನ್ನು ಅಜ್ಜಿಯ ಕೈಗೆ ಕೊಟ್ಟು ಹೊರಟೆ. ಬೆಟ್ಟದ ಮೇಲಿನ ಕೇಂದ್ರ ಅದು, ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಹೋಗುವಾಗ ನಿನಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಬಂದಾಗ ಹದಿನಾಲ್ಕು ಹಲ್ಲಿತ್ತು, ನನ್ನನ್ನು ನೋಡಿ ಅಜ್ಜಿಯ ಕಾಲ ಹಿಂದೆ ಬಚ್ಚಿಟ್ಟುಕೊಂಡೆ. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ, ಹಾಗಾಗಿ ನಡುವೆ ಏನಾಯಿತೆಂದು ನನಗೆ ಗೊತ್ತಿಲ್ಲ. ಆಮೇಲೆ ಕೇಳಲು ನಾಚಿಕೆಯಾಯಿತು. ನೀನು ದೊಡ್ಡವಳಾಗಿ ಕೇಳಿದಾಗಲೆಲ್ಲ ಹಿಂದಿನದು ಮುಂದಿನದು ನೋಡಿ ಏನೋ ಒಂದು ಹೇಳಿದೆ. ಹೇಳಿ ಹೇಳಿ ನನಗೇ ನಿಜ ಅನ್ನಿಸಿಬಿಟ್ಟಿತ್ತು.

ಇನ್ನೊಂದು ಇದೆ. ಅದು ಇದಕ್ಕಿಂತ ಕೆಟ್ಟದ್ದು. ಬದಲಿ ಬೇಕೇ ಎಂದು ಮುಖ್ಯ ಕಚೇರಿಯವರು ಜನವರಿಯಲ್ಲೇ ಕೇಳಿದ್ದರು. ಮಾರ್ಚಿನಲ್ಲಿ ಮತ್ತೆ ಕೇಳಿದರು. ಎರಡು ಸಲವೂ "ಅಗತ್ಯವಿಲ್ಲ" ಎಂದು ನಾನೇ ಬರೆದೆ.

ಯಾಕೆಂದರೆ ನನಗೆ ಭಯ. ಮಕ್ಕಳನ್ನು ಸಾಕಿ ಪಳಗಿದ ಅಮ್ಮ ಬರುತ್ತಾಳೆ ಅಂತ ನೀನು ಕಾಯುತ್ತಿದ್ದೀಯ. ಅಂಥವಳು ಯಾರೂ ಇಲ್ಲ. ಜ್ವರ ಬಂದ ಮಗುವನ್ನು ಹೇಗೆ ಎತ್ತಿಕೊಳ್ಳಬೇಕು ನನಗೆ ಗೊತ್ತಿಲ್ಲ. ನಿನ್ನ ಮುಂದೆ ಅದು ಬಯಲಾಗುತ್ತದಲ್ಲ ಅಂತ ನಮೂನೆ ಕಳಿಸಿಕೊಂಡು ಕೂತೆ. ನೀನು ಆಸ್ಪತ್ರೆಯಲ್ಲಿ ಕೂಗಿದಾಗ ನಾನು ಇಲ್ಲಿ ಎರಡು ಇಪ್ಪತ್ತು, ಎರಡು ಗಂಟೆ ಅಂತ ನಿನ್ನ ತಪ್ಪು ಹಿಡಿಯುತ್ತಿದ್ದೆ.

ಬದಲಿ ಬೇಕೆಂದು ನಿನ್ನೆಯೇ ವೈರ್‌ಲೆಸ್‌ನಲ್ಲಿ ಹೇಳಿದೆ. ಮುಂದಿನ ದೋಣಿಯಲ್ಲಿ ಅವರು ಬರುತ್ತಾರೆ, ಅದೇ ದೋಣಿಯಲ್ಲಿ ನಾನು ಹೊರಡುತ್ತೇನೆ. ಮೇ ಮೂರಕ್ಕೆ ಅಲ್ಲಿರುತ್ತೇನೆ. ಬಾ ಅಂತ ನೀನು ಬರೆಯಲಿ ಎಂದು ಕಾಯುವುದಿಲ್ಲ. ಬೇಡ ಅಂತ ಬರೆದರೂ ಅದು ನನಗೆ ತಲುಪುವುದಿಲ್ಲ.

ಅಮ್ಮ

*

ಮೇ 6, ಬೆಳಗ್ಗೆ
(ಅಳಿಯಂದಿರ ಕೈಯಲ್ಲಿ ಕಳಿಸಿದ್ದು)

ಮಗಳೇ,

ಮೂರನೇ ತಾರೀಖು ನಾನು ಒಳಗೆ ಬಂದಾಗ ಹಾಸಿಗೆಯಿಂದಲೇ "ಬಂದ್ಯಾ" ಅಂದೆ, ಅಷ್ಟೇ. ಮಾರನೇ ದಿನವೆಲ್ಲ ಗೋಡೆ ಕಡೆ ತಿರುಗಿ ಮಲಗಿದ್ದೆ. ಸಂಜೆ ನೋವು ಶುರುವಾಗಿ ಆಸ್ಪತ್ರೆಗೆ ಹೋದೆ. ಎರಡು ತಿಂಗಳು ಪುಟಗಟ್ಟಲೆ ಬರೆದವರು ಎದುರಿಗೆ ಸಿಕ್ಕಾಗ ನಾಲ್ಕು ಮಾತು ಆಡಲಿಲ್ಲ. ನೆಗಡಿಯಾದ ಮಗುವನ್ನು ವಾರ್ಡಿಗೆ ಬಿಡುವುದಿಲ್ಲವಂತೆ. ನಾನು ಇವನನ್ನು ಬಿಟ್ಟು ಬರುವ ಹಾಗಿಲ್ಲ. ಹಾಗಾಗಿ ನಾಲ್ಕು ಬೀದಿ ಆಚೆ ಇದ್ದರೂ ಮತ್ತೆ ಪತ್ರವೇ ಗತಿ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂದರು ಅಳಿಯಂದಿರು. ನನ್ನದೇ ಮೂಗಂತೆ. ಪಾಪ.

ಇಲ್ಲಿಯ ಸಮಾಚಾರ. ಇವನು ನನ್ನ ಕನ್ನಡಕ ಕಡಿದ. ಕೈಗಡಿಯಾರದ ಪಟ್ಟಿ ಕಡಿದ. ಗಂಜಿಯ ಬಟ್ಟಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡ. ತಲೆ ತೊಳೆದು ಬರುವಷ್ಟರಲ್ಲಿ ನನ್ನ ಪೆಟ್ಟಿಗೆ ಬಿಚ್ಚಿ ಅದರಲ್ಲಿ ಮಾಡಬಾರದ್ದು ಮಾಡಿದ. ನಾನು ಚಂಡಮಾರುತದಲ್ಲಿ ಕಂಬ ಹಿಡಿದುಕೊಂಡು ಮಳೆಮಾಪಕ ನೋಡಿದವಳು, ಈ ಮೂರು ಅಡಿ ಇಲ್ಲದ ಮನುಷ್ಯನ ಮುಂದೆ ಕೈಕಾಲು ಆಡುತ್ತಿಲ್ಲ. ಇವತ್ತು ಬೆಳಗ್ಗೆ ಎಂಟಕ್ಕೆ ಜ್ವರ ನೋಡಬೇಕೆಂದಿದ್ದೆ. ಎಂಟು ಯಾವಾಗ ಆಯಿತೋ ಗೊತ್ತೇ ಆಗಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ಇದನ್ನೆಲ್ಲ ನೀನು ಹೊಟ್ಟೆ ಹೊತ್ತುಕೊಂಡು ಒಬ್ಬಳೇ ಮಾಡಿದೆಯಲ್ಲ, ಹೇಗೆ ಮಾಡಿದೆ?

ಬೈಗುಳ ಬೇಕಾದರೆ ಆಮೇಲೆ ಬೈ, ಈಗ ಒಂದು ವಿಷಯ ಹೇಳು. ಇವನು ಬಾಗಿಲ ಹತ್ತಿರ ನಿಂತು "ಅಮ್ಮ, ಅಮ್ಮ" ಅಂತ ಅಳುತ್ತಾನೆ. ನಾನು ಹೋದರೆ ನನ್ನ ಮುಖ ನೋಡುತ್ತಾನೆ, ಇವಳಲ್ಲ ಅಂತ ಇನ್ನೂ ಜೋರಾಗಿ ಅಳುತ್ತಾನೆ. ಆಗ ಏನು ಮಾಡಬೇಕು? ನನಗೆ ತಿಳಿಯದು. ಬರೆದು ಕಳಿಸು.

ಗುರುವಾರ ನೀನು ಮನೆಗೆ ಬರುತ್ತೀಯಂತೆ. ಅವತ್ತೇ ದೋಣಿ ಇದೆ. ನಿನ್ನ ಕೋಪ ಇಳಿಯದಿದ್ದರೆ, ಮಕ್ಕಳನ್ನು ನೋಡಿಕೊಳ್ಳಲು ಬೇರೆ ಯಾರನ್ನಾದರೂ ಗೊತ್ತು ಮಾಡಿ ನಾನು ಹೊರಡುತ್ತೇನೆ. ಮುಚ್ಚುಮರೆ ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳು.

ಅಮ್ಮ

*

ಮೇ 6, ಸಂಜೆ

ಅಮ್ಮಾ,

ಒಂದು ಕೈಯಲ್ಲಿ ನಿನ್ನ ಮೂಗಿನವಳು ಹಾಲು ಕುಡಿಯುತ್ತಿದ್ದಾಳೆ, ಅಕ್ಷರ ಸೊಟ್ಟ ಇದ್ದರೆ ತಕರಾರು ತೆಗೆಯಬೇಡ.

ನಿನ್ನ ಪೆಟ್ಟಿಗೆಯ ಕಥೆ ಓದಿ ನಕ್ಕು ನಕ್ಕು ಹೊಲಿಗೆ ಹಾಕಿದ ಜಾಗ ನೋಯುತ್ತಿದೆ. ನರ್ಸ್ ಬಂದು ಬೈದು ಹೋದಳು. ಎರಡು ತಿಂಗಳಲ್ಲಿ ಒಂದು ಸಲವಾದರೂ ನಿನ್ನ ಕೈಕಾಲು ಆಡದೆ ಹೋಗಲಿ ಅಂತ ನನ್ನ ಮನಸ್ಸಿನಲ್ಲಿತ್ತು, ಸುಳ್ಳು ಹೇಳುವುದಿಲ್ಲ.

ಅವನು ಬಾಗಿಲ ಹತ್ತಿರ ನಿಂತು ಅತ್ತರೆ ಏನು ಮಾಡಬೇಕೆಂದು ನನಗೂ ಗೊತ್ತಿಲ್ಲ ಅಮ್ಮಾ. ನಾನು ನಿನ್ನನ್ನು ಕೇಳುತ್ತಿದ್ದದ್ದೇ ಅದನ್ನು. ನಾನೇ ಎದುರಿಗಿದ್ದರೂ ಅವನು ಹಾಗೇ ಅಳುತ್ತಾನೆ. ಎತ್ತಿಕೊಳ್ಳುತ್ತೇನೆ, ಕಚ್ಚುತ್ತಾನೆ, ಬೈಯುತ್ತೇನೆ, ಮತ್ತೆ ಎತ್ತಿಕೊಳ್ಳುತ್ತೇನೆ. ನನಗೆ ಬರುವುದು ಇಷ್ಟೇ. ನಿನಗೂ ಇಷ್ಟು ಬಂದರೆ ಸಾಕು.

ಕೋಪ ಇಳಿದಿಲ್ಲ. ನೀನು "ಅಗತ್ಯವಿಲ್ಲ" ಅಂತ ಬರೆದದ್ದು ನೆನಪಾದಾಗಲೆಲ್ಲ ಏರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಜಗಳ ಆಡಿದರೂ ಅದು ಮುಗಿಯಲು ಒಂದು ವರ್ಷ ಬೇಕು. ನೀನು ಗುರುವಾರ ದೋಣಿ ಹತ್ತಿದರೆ ನಾನು ಯಾರ ಹತ್ತಿರ ಜಗಳ ಆಡಲಿ?

ಇಲ್ಲೇ ಇರು.

ನಿನ್ನ ಮಗಳು